ಗೃಹಸ್ಥನ ಮನೆ ಮತ್ತು ಅಪರಿಗ್ರಹ



ಮಳೆಗಾಳಿಗೆ ಮನೆ ಮುರಿದಾಗ ದುಃಖಿಸುವುದು ಮೋಹವೇ? ಅದನ್ನು ಮತ್ತೆ ಕಟ್ಟಿಕೊಳ್ಳುವುದು ಅಪರಿಗ್ರಹಕ್ಕೆ ವಿರುದ್ಧವೇ? ವಯನಾಡಿನಲ್ಲಿ ಬಾಳುವ ನಮಗೆ ಇದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. 2018ರ ಆಗಸ್ಟ್ ತಿಂಗಳ ಮಹಾಮಳೆಯನ್ನೂ, 2019ರ ಪುತ್ತುಮಲದ ಭೂಕುಸಿತವನ್ನೂ, 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳಿಗೆ ಎರಗಿದ ದುರಂತವನ್ನೂ ಕಂಡವರು ನಾವು. ಮನೆಯೊಂದಿಗೆ ಮನೆಮಂದಿಯನ್ನೂ ಕಳೆದುಕೊಂಡವರ ಮುಂದೆ ನನ್ನ ಅನುಭವ ಅತ್ಯಲ್ಪವಾದುದು. ಆದರೂ ಅದು ಕಲಿಸಿದ ಪಾಠವನ್ನು ವಿನಮ್ರನಾಗಿ ನಿವೇದಿಸಿಕೊಳ್ಳುತ್ತೇನೆ.

2018ರ ಆ ಆಗಸ್ಟಿನ ಒಂದು ಸಂಜೆ ನಮ್ಮ ಹಿತ್ತಲಿನ ಸಿಲ್ವರ್ ಓಕ್ ಮರವೊಂದು ಬುಡಸಹಿತ ಕಿತ್ತು, ತೀರ್ಥರೂಪರು ಕಟ್ಟಿಸಿದ ಮನೆಯ ಪಡುಗಡೆಯ ಮಾಡಿನ ಮೇಲೆ ಬಿತ್ತು. ಪಕ್ಕಾಸುಗಳು ಮುರಿದವು, ಹಂಚುಗಳು ಪುಡಿಯಾದವು. ಮೇನ್ ಸ್ವಿಚ್ ಆರಿಸಿ ನೋಡುತ್ತೇನೆ, ಸೋರದೆ ಉಳಿದಿದ್ದುದು ನಡುಕೋಣೆಯೊಂದೇ. ನಾನು ಅಲ್ಲಿಗೆ ಮೊದಲು ಸಾಗಿಸತೊಡಗಿದ್ದು ಕರಿಮೆಣಸಿನ ಚೀಲಗಳನ್ನು. ಬೆಲೆ ಏರಲೆಂದು ಹಿಡಿದಿಟ್ಟಿದ್ದ ಸರಕು ಅದು. ಅದೇ ವೇಳೆಗೆ ನಮ್ಮ ತೋಟದ ಕೆಲಸದವರ ಮನೆಯ ತಗಡು ಹಾರಿಹೋಗಿ, ಆ ಕುಟುಂಬವು ಎಳೆಗೂಸನ್ನು ಎತ್ತಿಕೊಂಡು ನಮ್ಮ ಜಗಲಿಯಲ್ಲಿ ಬಂದು ನಿಂತಿತ್ತು. ಜಗಲಿಗೂ ಎರಚಲು ಹೊಡೆಯುತ್ತಿತ್ತು. ನಾನು ನೋಡಿಯೂ ನೋಡದವನಂತೆ ಚೀಲ ಹೊರುತ್ತಿದ್ದೆ.

"ಮೆಣಸನ್ನು ಬಿಸಿಲು ಬಂದಾಗ ಒಣಗಿಸಬಹುದು. ಮೊದಲು ಆ ಮಗುವಿಗೆ ಜಾಗ ಮಾಡಿಕೊಡಿ" ಎಂದು ನನ್ನ ಧರ್ಮಪತ್ನಿ ಗಟ್ಟಿಯಾಗಿಯೇ ನುಡಿದಳು. ಚೀಲಗಳು ಹೊರಬಂದವು. ಐದು ರಾತ್ರಿಗಳನ್ನು ಎರಡು ಕುಟುಂಬಗಳೂ ಆ ಒಂದೇ ಕೋಣೆಯಲ್ಲಿ ಕಳೆದೆವು. ಮೂರು ಚೀಲ ಮೆಣಸಿಗೆ ಬೂಷ್ಟು ಹಿಡಿಯಿತು.

ಲೆಕ್ಕ ಬರೆಯಲು ಕುಳಿತಾಗ ನನಗೊಂದು ಸಂದೇಹ ಹುಟ್ಟಿತು. ಈ ಮೂರು ಚೀಲಗಳನ್ನು ನಷ್ಟದ ಬಾಬ್ತಿಗೆ ಹಾಕಲೋ, ಅಭಯದಾನವೆಂದು ಧರ್ಮದ ಬಾಬ್ತಿಗೆ ಹಾಕಲೋ? ಎರಡೂ ಸರಿಯೆನಿಸಲಿಲ್ಲ. ಹೆಂಡತಿಯ ಮಾತಿಗೆ ನಾಚಿ, ತಡವಾಗಿ ಕೊಟ್ಟದ್ದು ದಾನವಾಗದು. ಅದು ಎಂದೋ ತೀರಿಸಬೇಕಾಗಿದ್ದ ಬಾಕಿ.

ಪರಿಗ್ರಹವೆಂದರೆ ವಸ್ತುವಿನ ಮೇಲಿನ ಮೂರ್ಛೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಅಭಿಪ್ರಾಯ. ಮುನಿಗಳು ಎಲ್ಲವನ್ನೂ ತ್ಯಜಿಸುತ್ತಾರೆ. ಶ್ರಾವಕನಿಗೆ ವಿಧಿಸಿರುವುದು ಪರಿಮಿತಿಯ ಅಣುವ್ರತ. ಆದುದರಿಂದ ಮನೆ ಇರುವುದು ತಪ್ಪಲ್ಲ, ಮುರಿದುದನ್ನು ಕಟ್ಟುವುದೂ ತಪ್ಪಲ್ಲ. ತಂದೆಯ ಕೈ ಸೋಕಿದ ತೊಲೆ ಮುರಿದಾಗ ಕಣ್ಣು ತುಂಬಿದರೆ ಅದಕ್ಕಾಗಿ ನಾಚಬೇಕಾಗಿಯೂ ಇಲ್ಲ. ಆದರೆ ಜಗಲಿಯಲ್ಲಿ ನಿಂತ ಮಗು ಕಣ್ಣಿಗೆ ಬೀಳದಂತೆ ಮಾಡಿತಲ್ಲ, ಅದೇ ಮೂರ್ಛೆ. ಅದನ್ನು ನಾನು ಗ್ರಂಥದಿಂದಲ್ಲ, ಆ ಸಂಜೆ ನನ್ನಲ್ಲೇ ಕಂಡುಕೊಂಡೆ.

ಇನ್ನೊಂದು ಮಾತನ್ನೂ ಮರೆಮಾಚಲಾರೆ. ಆ ಮರ ವಾಲಿದ್ದುದು ಬೇಸಿಗೆಯಲ್ಲೇ ನನಗೆ ತಿಳಿದಿತ್ತು. ಇನ್ನೂ ಬಲಿತರೆ ಒಳ್ಳೆಯ ಬೆಲೆ ಬಂದೀತೆಂದು ಬಿಟ್ಟಿದ್ದೆ. ನೋಡಲು ಬಂದವರು "ಎಲ್ಲ ಕರ್ಮಫಲ" ಎಂದು ಸಮಾಧಾನ ಹೇಳಿದಾಗ ನಾನು ತಲೆಯಾಡಿಸಿದೆ. ನಮ್ಮ ಪ್ರಮಾದಕ್ಕೆ ಕರ್ಮದ ಹೆಸರಿಡುವುದು ಎಷ್ಟು ಸುಲಭ! ಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ವಾಲಿದ ಮರವನ್ನು ಮಳೆಗಾಲಕ್ಕೆ ಮುನ್ನ ಕಡಿಸುವುದು ನನ್ನ ಕೈಯಲ್ಲೇ ಇತ್ತು.

ಮಳೆ ನಿಂತ ಮೇಲೆ ಬಡಗಿಗಳು ಸಿಗುವುದೇ ದುರ್ಲಭವಾಗಿತ್ತು. ಕೊನೆಗೆ ಒಬ್ಬರು ಬಂದಾಗ ಮೊದಲು ಕೆಲಸದವರ ಮನೆಯ ಮಾಡನ್ನು ಕಟ್ಟಿಸಿ, ಅನಂತರ ನಮ್ಮದಕ್ಕೆ ಕೈಹಚ್ಚಿದೆವು. ಬಾಕಿಯ ಒಂದು ಕಂತು ಹಾಗೆ ತೀರಿತು.

ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯಭಾವನೆ. ಮನೆ ಅನಿತ್ಯವೆಂದು ತಿಳಿದವನು ಅದನ್ನು ಅಲಕ್ಷಿಸಬಾರದು. ಅದು ನಿಂತಿರುವಷ್ಟು ದಿನ ಯಾರಿಗೆ ನೆರಳಾದೀತೆಂದು ಯೋಚಿಸಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ನಾವೆಲ್ಲರೂ ನಮ್ಮ ಮಾಡುಗಳನ್ನು ಪರೀಕ್ಷಿಸಿಕೊಳ್ಳೋಣ; ಸೋರದ ಕೋಣೆಯೊಂದರ ಬಾಗಿಲನ್ನು ನೆರೆಯವರಿಗಾಗಿಯೂ ತೆರೆದಿಡೋಣ.

ಜೈ ಜಿನೇಂದ್ರ.