ಕಲ್ಲಿನ ಮೇಲಣ ಅಕ್ಷರ

ಒಸಾಕಾ ನಗರಕ್ಕೆ ದಕ್ಷಿಣದಲ್ಲಿ, ಕೀ ಪರ್ಯಾಯದ್ವೀಪದ ಪರ್ವತಶ್ರೇಣಿಯ ನಡುವೆ, ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿ ನೆಲೆಗೊಂಡಿರುವ ಕೋಯಾಸಾನ್ ಎಂಬ ಬೌದ್ಧಕ್ಷೇತ್ರಕ್ಕೆ ಈಗ ರೈಲೂ ಉಂಟು, ರೈಲು ನಿಂತಲ್ಲಿಂದ ಮೇಲಕ್ಕೆ ಕೇಬಲ್ ಕಾರೂ ಉಂಟು. ಆದರೂ ಬೆಟ್ಟದ ಬುಡದ ಜಿಸೊನ್-ಇನ್ ದೇವಾಲಯದಿಂದ ಮೇಲಣ ಗರಾನ್‌ವರೆಗಿನ ಸುಮಾರು 20 ಕಿಲೋಮೀಟರು ದಾರಿಯನ್ನು ನಡೆದೇ ಕ್ರಮಿಸಬೇಕೆಂದು ನಾನು ಬಹುಕಾಲದಿಂದ ಹಂಬಲಿಸಿದ್ದುದು ಆ ದಾರಿಯ ಪಕ್ಕದಲ್ಲಿ ನಿಂತಿರುವ 180 ಕಲ್ಲುಗಳ ದರ್ಶನಕ್ಕಾಗಿ. ಗರಾನ್ ಎಂಬುದೂ ಅನ್ಯಶಬ್ದವಲ್ಲ. ನಮ್ಮ ‘ಸಂಘಾರಾಮ’ವೇ ಚೀನವನ್ನು ಹಾದು ಬರುವಷ್ಟರಲ್ಲಿ ಸವೆದು ಹಾಗಾಗಿದೆ.

ನವೆಂಬರ್ ತಿಂಗಳ ಒಂದು ಬೆಳಗ್ಗೆ, ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ಕುದೋಯಾಮಾ ನಿಲ್ದಾಣದಲ್ಲಿ ಇಳಿದೆನು. ಈ ಕ್ಷೇತ್ರದ ಸ್ಥಾಪಕನಾದ ಕೂಕೈ ಆಚಾರ್ಯನು, ಸ್ತ್ರೀಯರಿಗೆ ಪರ್ವತಪ್ರವೇಶವಿಲ್ಲದ ಕಾರಣ ಜಿಸೊನ್-ಇನ್ನಿನಲ್ಲಿಯೇ ಉಳಿಯಬೇಕಾದ ತನ್ನ ವೃದ್ಧಮಾತೆಯನ್ನು ಕಾಣಲು ತಿಂಗಳಿಗೆ ಒಂಬತ್ತು ಸಲ ಇಳಿದು ಬರುತ್ತಿದ್ದನೆಂದೂ, ‘ಒಂಬತ್ತು ಸಲದ ಬೆಟ್ಟ’ ಎಂಬ ಅರ್ಥದ ಆ ಊರಿನ ಹೆಸರು ಅದರಿಂದಲೇ ಬಂದುದೆಂದೂ ಐತಿಹ್ಯ. ಆ ನಿಷೇಧವನ್ನು ಸರ್ಕಾರವು ರದ್ದುಪಡಿಸಿದ್ದು 1872ರಲ್ಲಿ. ಮಗನ ತಪೋಭೂಮಿಯನ್ನು ಕಣ್ಣಾರೆ ಕಾಣದೆ ಹೋದ ಆ ತಾಯಿಯನ್ನು ನೆನೆಯುತ್ತ, ನನಗಿಂತ ಹತ್ತು ಮಾರು ಮುಂದೆ ಮೆಟ್ಟಿಲೇರುತ್ತಿದ್ದ ಮಗಳನ್ನು ನೋಡಿದಾಗ ಕಣ್ಣು ತೇವವಾಯಿತು.

ಮೊದಲ ಕಲ್ಲು ಆ ಮೆಟ್ಟಿಲುಗಳ ಬಳಿಯಲ್ಲಿಯೇ ಇದೆ. ಎಣಿಕೆ ಮಾತ್ರ ಮೇಲಿನಿಂದ, ಆದುದರಿಂದ ಅದು 180ನೆಯದು. ಒಂದೊಂದು ‘ಚೋ’ ದೂರಕ್ಕೆ, ಎಂದರೆ ಸುಮಾರು 109 ಮೀಟರಿಗೆ, ಒಂದೊಂದು ಕಲ್ಲು. ಹಿಂದೆ ಮರದವಾಗಿದ್ದ ಈ ಗುರುತುಗಳನ್ನು ಕಾಕುಕ್ಯೋ ಎಂಬ ಭಿಕ್ಷುವು ದಾನಿಗಳ ನೆರವಿನಿಂದ 1265ರಿಂದ 1285ರವರೆಗೆ ಶಿಲೆಯಲ್ಲಿ ನಿಲ್ಲಿಸಿದನು. ಎರಡಾಳೆತ್ತರದ ಚೌಕಗಂಬ, ಅದರ ನೆತ್ತಿಯಲ್ಲಿ ಕೆಳಗಿನಿಂದ ಮೇಲಕ್ಕೆ ಚೌಕ, ಗೋಳ, ತ್ರಿಕೋಣ, ಅರ್ಧಚಂದ್ರ, ಮಣಿ ಎಂಬ ಐದು ಆಕೃತಿಗಳು. ಅವು ಪೃಥ್ವಿ, ಅಪ್, ತೇಜಸ್ಸು, ವಾಯು, ಆಕಾಶಗಳೆಂಬ ನಮ್ಮ ಪಂಚಭೂತಗಳೇ. ಅವಕ್ಕೆ ಅ, ವ, ರ, ಹ, ಖ ಎಂಬ ಬೀಜಾಕ್ಷರಗಳುಂಟು. ಗಂಬದ ಮೈಮೇಲೆ ಒಬ್ಬೊಬ್ಬ ದೇವತೆಯ ಬೀಜಾಕ್ಷರವನ್ನು ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯಲ್ಲಿ ಅಂಗೈ ಅಗಲಕ್ಕೆ ಕೆತ್ತಿದ್ದಾರೆ. ಹಾವಸೆ ಹಿಡಿದ ಒಂದು ಕಲ್ಲಿನ ಕೊರೆತದಲ್ಲಿ ಇಬ್ಬನಿ ನಿಂತಿತ್ತು. ಮಗಳು ಅದರಲ್ಲಿ ಬೆರಳಾಡಿಸಿದಾಗ ಬೆರಳು ಹಸುರಾಯಿತು.

ಈ ಲಿಪಿ ಇಲ್ಲಿ ಬೇರೂರಿದುದರ ಹಿಂದೆ ಕೂಕೈಯ ಶ್ರಮವಿದೆ. 804ರಲ್ಲಿ ಚೀನಕ್ಕೆ ಹೋದ ಆತನು ರಾಜಧಾನಿ ಚಾಂಗಾನ್‌ನಲ್ಲಿ, ಭಾರತದಿಂದ ಬಂದಿದ್ದ ಪ್ರಜ್ಞನೆಂಬ ಭಿಕ್ಷುವಿನ ಬಳಿ ಸಂಸ್ಕೃತವನ್ನು ಕಲಿತು, 806ರಲ್ಲಿ ಹಿಂದಿರುಗಿ, 816ರಲ್ಲಿ ಸಾಗಾ ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದನು. ಜಪಾನೀ ನಾಲಗೆ ಆ ಐದು ಬೀಜಗಳನ್ನು ಮೇಲಿನಿಂದ ‘ಕ್ಯ, ಕ, ರ, ಬ, ಅ’ ಎಂದು ಉಚ್ಚರಿಸುತ್ತದೆ. ‘ವ’ವು ‘ಬ’ ಆದುದನ್ನು ಅಪಭ್ರಂಶವೆಂದು ಹಳಿಯಲು ನಮಗೆ ಅಧಿಕಾರವಿಲ್ಲ, ಏಕೆಂದರೆ ವನವನ್ನು ಬನವೆಂದೂ ವಿದ್ಯೆಯನ್ನು ಬಿಜ್ಜೆಯೆಂದೂ ಕರೆದವರು ನಾವು. ಈ ಕಲ್ಲುಗಳು ಎದ್ದ ಅದೇ 13ನೆಯ ಶತಮಾನದಲ್ಲಿಯೇ ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ರೂಪಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು.

ಪರ್ಸಿಮನ್ ತೋಟಗಳು ಮುಗಿದು ದೇವದಾರು ಕಾಡು ಕವಿದುಕೊಂಡ ಮೇಲೆ ಮಗಳು ದಣಿವು ಮರೆಯಲು ಶಾಲೆಯ ಅಕ್ಷರಮಾಲೆಯನ್ನು ರಾಗವಾಗಿ ಹೇಳತೊಡಗಿದಳು: ಅ ಇ ಉ ಎ ಒ, ಕ, ಸ, ತ, ನ, ಹ, ಮ, ಯ, ರ, ವ. ಸ್ವರಗಳು ಮೊದಲು, ವರ್ಗಗಳು ಅನಂತರ. ಸಿದ್ಧಂ ಅಭ್ಯಾಸ ಮಾಡುತ್ತಿದ್ದ ಭಿಕ್ಷುಗಳಿಂದ ಜಪಾನೀ ಕಾನಾ ಅಕ್ಷರಗಳಿಗೆ ದೊರೆತ ಕ್ರಮವದು. ಭಾನುವಾರ ಕನ್ನಡ ತರಗತಿಗೂ ಹೋಗುವ ಹುಡುಗಿ ತಟ್ಟನೆ ನಿಂತಳು.

“ಅಪ್ಪಾ, ‘ಮ’ಕ್ಕಿಂತ ಮುಂಚೆ ‘ಪ’ ಅಲ್ವಾ ಬರಬೇಕಾದ್ದು? ಇಲ್ಲಿ ‘ಹ’ ಯಾಕೆ ಬಂತು?”

ಪುರಾತನ ಜಪಾನಿನಲ್ಲಿ ಅದು ‘ಪ’ಕಾರವೇ ಆಗಿತ್ತೆಂದೂ, ಕಾಲಕ್ರಮದಲ್ಲಿ ಬಾಯಲ್ಲಿ ‘ಹ’ಕಾರವಾದರೂ ಮಾಲೆಯಲ್ಲಿ ಹಳೆಯ ಜಾಗವನ್ನು ಬಿಟ್ಟುಕೊಡಲಿಲ್ಲವೆಂದೂ ಹೇಳಿದೆನು.

“ನಮ್ಮಲ್ಲೂ ಹಾಗೇ ಆಯ್ತಮ್ಮ. ಹಳಗನ್ನಡದ ಪಾಲು ಈಗ ಹಾಲು, ಪೂವು ಹೂವು.”

“ಪುಲಿ ಹುಲಿ ಆಯ್ತಾ ಹಾಗಾದ್ರೆ?” ಎಂದಳು. ಮುಂದಿನ ಇಪ್ಪತ್ತು ಕಲ್ಲುಗಳವರೆಗೆ ಪಂದಿ, ಪಳ್ಳಿ, ಪಸಿವು ಎಂದು ನಾನು ಹೇಳುತ್ತ, ಅವಳು ಬಿಡಿಸುತ್ತ ನಡೆದೆವು. ಪರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದು ಎದುರುಹೊಳೆ ಈಜಿದಂತೆಂದು ಕನ್ನಡ ಸಂಘದ ಸಭೆಗಳಲ್ಲಿ ಎಷ್ಟೋ ಸಲ ನೊಂದು ನುಡಿದಿದ್ದ ನನಗೆ, ಅವಳ ಎರಡು ಭಾಷೆಗಳೂ ಒಂದೇ ಪಾಠದಲ್ಲಿ ಒಂದನ್ನೊಂದು ಬೆಳಗಿದುದನ್ನು ಕಂಡು ಆದ ಸಂತೋಷ ಇಷ್ಟಿಷ್ಟಲ್ಲ.

ಸಂಜೆಗೆ 1705ರ ದೈಮೊನ್ ಮಹಾದ್ವಾರವನ್ನು ಹಾದು, ಗರಾನ್‌ನಲ್ಲಿ ಕೈಮುಗಿದು, ಯಾತ್ರಿಕರಿಗೆ ತಂಗಲು ಎಡೆಗೊಡುವ ಒಂದು ಮಠವನ್ನು ಸೇರಿ, ಎಳ್ಳಿನ ತೋಫುವಿನ ಸಾತ್ವಿಕ ಭೋಜನವನ್ನುಂಡು ಮಲಗಿದೆವು.

ಮರುದಿನ ನಸುಕಿನಲ್ಲಿ ‘ಗೋಮಾ’. ನಮ್ಮ ಹೋಮವೇ. ಅರ್ಚಕನು ಸಮಿತ್ತನ್ನು ಅಡ್ಡಡ್ಡಲಾಗಿ ಪೇರಿಸಿ, ಎಣ್ಣೆಯೆರೆದು, ಧಾನ್ಯವನ್ನು ಚಿಟಿಕೆ ಚಿಟಿಕೆಯಾಗಿ ಅರ್ಪಿಸುತ್ತ ಗಂಭೀರಸ್ವರದಲ್ಲಿ ಮಂತ್ರ ಹೇಳುತ್ತಿದ್ದನು. ಒಂದೊಂದು ಮಂತ್ರವೂ ‘ಸೊವಾಕಾ’ ಎಂದು ಮುಗಿಯುತ್ತಿತ್ತು. ಹಿಂದಿನ ಬೇಸಗೆಯಲ್ಲಿ ಊರಿನ ಮನೆಯ ಗಣಹೋಮದಲ್ಲಿ ಅಜ್ಜನ ಪಕ್ಕಕ್ಕೆ ಕುಳಿತು ತುಪ್ಪ ಹೊಯ್ದಿದ್ದ ಮಗಳು ನನ್ನ ತೋಳನ್ನು ಮೆಲ್ಲಗೆ ಜಗ್ಗಿದಳು.

“ಅಪ್ಪಾ, ಸ್ವಾಹಾ ಅಲ್ವಾ ಅದು?”

ಹೌದೆಂದು ತಲೆಯಾಡಿಸಿದೆನು. ಜ್ವಾಲೆ ಎದ್ದಿತು, ಮುಂದಿನ ಆಹುತಿಗೆ ಅವಳೂ ಅರ್ಚಕನೊಡನೆ, ತುಟಿಯಲ್ಲಿಯೇ, ಸ್ವಾಹಾ ಎಂದಳು.