ತಣಿಯದ ಫ್ರಿಜ್ ಮತ್ತು ಹೇತ್ವಾಭಾಸ

ಬೆಂಗಳೂರಿನ ಶಿವಾಜಿನಗರವಿರಲಿ, ಕೆ.ಆರ್. ಪುರವಿರಲಿ, ಫ್ರಿಜ್ ತಣಿಸುತ್ತಿಲ್ಲವೆಂದ ಕೂಡಲೇ ಹಲವು ರಿಪೇರಿಯವರು ನೀಡುವ ತೀರ್ಪು ‘ಗ್ಯಾಸ್ ಹೋಗಿದೆ’ ಎಂಬುದು. ಗೌತಮನ ನ್ಯಾಯಸೂತ್ರವು ಹೆಸರಿಸುವ 5 ಹೇತ್ವಾಭಾಸಗಳಲ್ಲಿ, ಅಂದರೆ ಹೇತುವಿನಂತೆ ತೋರಿಯೂ ನಿರ್ಣಯಕ್ಕೆ ಸಾಲದವುಗಳಲ್ಲಿ, ಈ ತೀರ್ಪಿನ ಹೇತು ಮೊದಲನೆಯದಾದ ಸವ್ಯಭಿಚಾರಕ್ಕೆ ಸೇರುತ್ತದೆ, ಏಕೆಂದರೆ ತಣಿಯದಿರುವಿಕೆ ಗ್ಯಾಸ್ ಇದ್ದಾಗಲೂ ಕಾಣಿಸಿಕೊಳ್ಳಬಲ್ಲದು. ಫ್ರಾಸ್ಟ್‌ಫ್ರೀ ಫ್ರಿಜ್‌ನಲ್ಲಿ ಮಂಜನ್ನು ಆಗಾಗ ಕರಗಿಸುವ ಹೀಟರ್ ಅಥವಾ ಅದನ್ನು ನಿಯಂತ್ರಿಸುವ ಟೈಮರ್ ಕೆಟ್ಟರೆ, ಫ್ರೀಜರ್‌ನ ಹಿಂದಿನ ಕಾಯಿಲ್ ಮಂಜಿನಿಂದ ಮುಚ್ಚಿಹೋಗಿ, ಫ್ಯಾನಿನ ಗಾಳಿ ಕೆಳಭಾಗಕ್ಕೆ ಸರಿಯಾಗಿ ಇಳಿಯುವುದಿಲ್ಲ. ಮಂಜು ಹೆಚ್ಚಿದ್ದರಿಂದಲೇ ತಂಪು ಕುಗ್ಗಿತೆಂಬುದು ತರ್ಕಪ್ರಿಯರಿಗೂ ತಕ್ಷಣ ಹೊಳೆಯುವ ಮಾತಲ್ಲ. ಕಾಯಿಲ್ ಪೂರ್ತಿ ದಟ್ಟವಾಗಿ ಮಂಜು ಹಿಡಿದಿದ್ದರೆ ಗ್ಯಾಸ್ ಬಹುಮಟ್ಟಿಗೆ ಉಳಿದಿದೆ ಎಂದೂ, ಒಂದು ತುದಿಯಲ್ಲಷ್ಟೇ ಹಿಡಿದಿದ್ದರೆ ಸೋರಿಕೆಯೋ ಕೊಳವೆಯ ತಡೆಯೋ ಇರಬಹುದೆಂದೂ ಊಹಿಸುವುದು ಯುಕ್ತ. ಒಳಫಲಕ ಬಿಚ್ಚಿ ನೋಡದೆ ಗ್ಯಾಸ್ ತುಂಬಿಸಲು ಗೃಹಸ್ಥರು ಒಪ್ಪದಿರುವುದು ಲೇಸು.