ಕೊಟ್ಟವನಾರು, ಪಡೆದವನಾರು?

ಕಷ್ಟದಲ್ಲಿರುವವನಿಗೆ ನೆರವಾಗಬೇಕೆಂಬುದನ್ನು ಒಪ್ಪದವರಿಲ್ಲ. ಆದರೆ ನೆರವಾಗುವವನು ಎಲ್ಲಿ ನಿಂತು ಕೈ ನೀಡಬೇಕೆಂಬುದು ವಿಚಾರಣೀಯವಾದ ಪ್ರಶ್ನೆ. ಮೇಲಿನಿಂದ ಚಾಚಿದ ಕೈಯು ಬಿದ್ದವನನ್ನು ಎತ್ತುವುದೇನೋ ದಿಟ. ಆದರೆ ತಾನು ಕೀಳೆಂಬ ಭಾವವನ್ನು ಅವನಲ್ಲಿ ಉಳಿಸಿಯೇ ಎತ್ತುತ್ತದೆ.

ಇದಕ್ಕೆ ಬೇರೆಯಾದ ದಾರಿಯೊಂದುಂಟು. ಕುಡಿತದಿಂದ ಬದುಕನ್ನು ಹಾಳುಮಾಡಿಕೊಂಡಿದ್ದ ಬಿಲ್ ವಿಲ್ಸನ್ ಎಂಬಾತನು ಅದನ್ನು ಬಿಟ್ಟು ಕೆಲವೇ ತಿಂಗಳಾಗಿದ್ದಾಗ, 1935ರ ಮೇ ತಿಂಗಳಿನಲ್ಲಿ, ವ್ಯವಹಾರ ನಿಮಿತ್ತ ಅಮೆರಿಕೆಯ ಆಕ್ರನ್ ನಗರಕ್ಕೆ ಬಂದನು. ಬಂದ ಕಾರ್ಯ ಕೆಟ್ಟಿತು. ಹೋಟೆಲಿನ ಪಾನಗೃಹವು ಮನಸ್ಸನ್ನು ಸೆಳೆಯಿತು. ಆಗ ಅವನು ಅರಸಿದುದು ಬುದ್ಧಿ ಹೇಳುವವನನ್ನಲ್ಲ, ತನ್ನಂತೆಯೇ ಕುಡಿತಕ್ಕೆ ಸಿಕ್ಕಿ ನರಳುವ ಇನ್ನೊಬ್ಬನನ್ನು. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನು ದೊರೆತನು. ಹದಿನೈದೇ ನಿಮಿಷವೆಂದು ಒಪ್ಪಿದ ಮಾತುಕತೆ ಗಂಟೆಗಟ್ಟಲೆ ನಡೆಯಿತು. ಆ ವೈದ್ಯನು ಕುಡಿತವನ್ನು ಕಡೆಯದಾಗಿ ತೊರೆದ ಜೂನ್ 10ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ. ಇಂದು ನಮ್ಮ ನಾಡಿನಲ್ಲಿಯೂ ಅದರ ಗುಂಪುಗಳು ಸೇರುತ್ತವೆ. ಆ ದಿನ ಉಳಿಸಿದವನಾರು, ಉಳಿದವನಾರು? ಇನ್ನೊಬ್ಬನಿಗೆ ಆಸರೆಯಾಗಹೊರಟವನೇ ತಾನೂ ಆಸರೆ ಪಡೆದನು.

ತನ್ನ ಉಳಿವಿಗಾಗಿ ಮಾಡಿದ ಉಪಕಾರವು ಸ್ವಾರ್ಥವಲ್ಲವೆ ಎಂದು ಕೇಳಬಹುದು. ಸ್ವಾರ್ಥಿಯು ತನ್ನ ಕುಂದನ್ನು ಮುಚ್ಚುವನು; ಇವನಾದರೋ ಅದನ್ನೇ ಬಿಚ್ಚಿ ಎದುರಿನವನ ಕೈಗಿತ್ತನು. ‘ನಾನು ಕೊಟ್ಟೆ’ ಎಂಬ ಹಮ್ಮಿಗೆ ಅಲ್ಲಿ ಎಡೆಯೇ ಇಲ್ಲ.

ಆದರೂ ಹಮ್ಮು ಹಿಂಬಾಗಿಲಿನಿಂದ ಬರಬಲ್ಲುದು. ಸಂಘ ಬೆಳೆದಂತೆ ಹಣ, ಪದವಿ, ಹೆಸರು ಬೆನ್ನಟ್ಟುತ್ತವೆ. ಇದನ್ನರಿತೇ ಆ ಸಂಘವು 1950ರಲ್ಲಿ ಹನ್ನೆರಡು ಸಂಪ್ರದಾಯಗಳನ್ನು ಅಂಗೀಕರಿಸಿತು. ಕುಡಿತ ಬಿಡುವ ಬಯಕೆಯೊಂದೇ ಸೇರಲು ಅರ್ಹತೆ. ಹೊರಗಿನವರ ಕಾಣಿಕೆ ಬೇಡ, ಗುಂಪಿನ ವೆಚ್ಚ ಗುಂಪಿನದೇ. ಮುಂದಾಳುಗಳು ಸೇವಕರು, ಒಡೆಯರಲ್ಲ. ಸದಸ್ಯರು ಪತ್ರಿಕೆಗಳಲ್ಲಿ ತಮ್ಮ ಹೆಸರನ್ನು ಪ್ರಕಟಿಸಿಕೊಳ್ಳುವಂತಿಲ್ಲ.

ಈ ವಿವೇಕವು ಶರಣರ ನಾಡಿಗೆ ಹೊಸದೇನಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರಹೇಳಿದಳು. ಬಡತನದಿಂದಲ್ಲ, ಬೇಡದುದನ್ನು ಕೂಡಿಡುವುದರಿಂದ ದಾಸೋಹವು ಕೆಡುತ್ತದೆಂಬುದನ್ನು ಆಕೆ ಅರಿತಿದ್ದಳು.

ಆದುದರಿಂದ ಕುಡಿತಕ್ಕೆ ಸಿಕ್ಕವರಿಗಾಗಲಿ, ಪತಿಯನ್ನು ಕಳೆದುಕೊಂಡವರಿಗಾಗಲಿ, ಮನೆಯಲ್ಲಿ ದೀರ್ಘರೋಗಿಯ ಆರೈಕೆ ಮಾಡಿ ಬಳಲಿದವರಿಗಾಗಲಿ ಊರಿನಲ್ಲಿ ಆಸರೆಯ ಗುಂಪನ್ನು ಕಟ್ಟಬಯಸುವ ಸದ್ಭಕ್ತರು ಅಧ್ಯಕ್ಷಪೀಠವನ್ನು ಮೊದಲು ಅಣಿಮಾಡದಿರಲಿ. ಒಂದೇ ಚಾಪೆಯ ಮೇಲೆ ಎಲ್ಲರೂ ಕುಳಿತುಕೊಳ್ಳಲಿ. ನೊಂದವರೇ ನೊಂದವರೊಡನೆ ಮಾತನಾಡಲಿ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಲಿ. ಆ ನೋವನ್ನು ತಾನು ಉಂಡರಿಯದ ಹಿತೈಷಿಯು ಸ್ಥಳವನ್ನು ಗುಡಿಸಿ, ದೀಪ ಹಚ್ಚಿ, ಬಾಗಿಲು ತೆರೆದಿಟ್ಟು ಹೊರಗೆ ಬರಲಿ. ಅದೂ ಕಾಯಕವೇ, ಅದಕ್ಕಿಂತ ಹಿರಿದಾದ ಸ್ಥಾನವನ್ನು ಅವನು ಅಲ್ಲಿ ಬಯಸಬೇಕಾಗಿಲ್ಲ.